ಮೂವತ್ತೆರಡನೆಯ ಕಪ್ಪೆ

ಬೀದರ್‌ನಿಂದ ಔರಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹೆಚ್ಚುಕಡಿಮೆ ಅರ್ಧ ಶಾಲಾವರ್ಷ ನಾನು ಮೊಬೈಲಿನಲ್ಲಿ ಕಪ್ಪೆ ಆಟ ಆಡಿದ್ದೇನೆ. ನಲವತ್ತೇಳು ವರ್ಷದ ಹೆಂಗಸು, ತೊಡೆಯ ಮೇಲೆ ಊಟದ ಡಬ್ಬಿ, ಮೂಗಿನ ತುದಿಗೆ ಚಾಳೀಸು, ಬೆರಳು ಮಾತ್ರ ಪರದೆಯ ಮೇಲೆ ಟಕಟಕ. ಕಂಡಕ್ಟರ್ ಮೊದಮೊದಲು ಮುಖ ತಿರುಗಿಸಿ ನಗುತ್ತಿದ್ದ. ಆಮೇಲೆ ಸಲುಗೆ ಬೆಳೆದು, "ಇವತ್ತ ಎಷ್ಟನೇ ಕಪ್ಪಿ ನಡದದ್ರಿ ಟೀಚರ್?" ಅಂತ ಟಿಕೆಟ್ ಕೊಡುವಾಗ ಕೇಳತೊಡಗಿದ. ನನಗೆ ಆಟದ ಹುಚ್ಚು ಹಿಡಿದಿದೆ ಅಂತ ಆ ಬಸ್ಸಿನ ದಿನದ ಮಂದಿಯೆಲ್ಲ ನಂಬಿದ್ದರು. ಬರೀ ಹುಚ್ಚಾಗಿದ್ದರೆ ಚಲೋ ಇತ್ತು. ನಮ್ಮ ಶಾಲೆಯ ಐದನೇ ತರಗತಿಯ ಮೂವತ್ತೆರಡು ಮಕ್ಕಳು ಆಡಬೇಕಾಗಿದ್ದ ಆಟವನ್ನು ಅವರ ಪರವಾಗಿ ನಾನೊಬ್ಬಳೇ ಆಡಿ ಮುಗಿಸುತ್ತಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಅಂತ ಕೇಳಿದರೆ, ಮೊದಲು ನನ್ನ ಮೇಲೆಯೇ.

ಆ ಆಟ ನಮಗೆ ಪರಿಚಯವಾದದ್ದು ಭಾಲ್ಕಿಯಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ. ಕಲಿಸಲು ಬಂದ ತರಬೇತುದಾರ ದಕ್ಷಿಣದ ಕಡೆಯವನು, ನನ್ನ ಅರ್ಧ ವಯಸ್ಸು, ಮಾತು ನುಣುಪು. ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು, ಮಕ್ಕಳು ಆಡುತ್ತಾ ಕಲಿಯಬೇಕು, ತಪ್ಪು ಮಾಡುತ್ತಾ ಕಲಿಯಬೇಕು ಅಂತ ವಿವರಿಸಿದ. ಇಂಥದ್ದನ್ನು ಕೇಳಿ ಕೇಳಿ ಕಿವಿ ದಪ್ಪಗಾದವರು ನಾವು. ಹಿಂದಿನ ಸಾಲಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದೆವು. ಆದರೆ ಆಟ ಕೈಗೆ ಕೊಟ್ಟಾಗ ನಾನು ಎದ್ದು ಕೂತೆ. ಒಂದು ಕೆರೆ, ಅದರಲ್ಲಿ ಕಲ್ಲುಗಳು, ಕಲ್ಲಿಗೊಂದು ಭಿನ್ನರಾಶಿ. ಮೇಲೆ ಲೆಕ್ಕ ಬರುತ್ತದೆ. ಎಂಟು ಸೆಕೆಂಡಿನೊಳಗೆ ಸರಿಯಾದ ಕಲ್ಲು ಒತ್ತಿದರೆ ಕಪ್ಪೆ ಅದರ ಮೇಲೆ ಜಿಗಿಯುತ್ತದೆ. ತಪ್ಪಿದರೆ ಅಥವಾ ತಡವಾದರೆ ದೊಪ್ಪನೆ ನೀರಿಗೆ. ಹತ್ತು ಕಲ್ಲು ದಾಟಿದರೆ ಆಚೆ ದಂಡೆ.

ಇಪ್ಪತ್ತೆರಡು ವರ್ಷ ಭಿನ್ನರಾಶಿ ಕಲಿಸಿದವಳು ನಾನು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಹಲ್ಲು ಕಿಸಿಯುವ ಮಕ್ಕಳನ್ನು ಪ್ರತಿ ವರ್ಷ ನೋಡಿದ್ದೇನೆ. ಈ ಕಪ್ಪೆ ಅವರಿಗೆ ಒಂದೇ ದಿನದಲ್ಲಿ ಬುದ್ಧಿ ಹೇಳುತ್ತದೆ ಅನ್ನಿಸಿತು. ಮಧ್ಯಾಹ್ನದ ಊಟ ಬಿಟ್ಟು ಆಡಿದೆ, ಪಕ್ಕದಲ್ಲಿದ್ದ ಮಾಸ್ತರರನ್ನು ಮೂರು ಸಲ ಸೋಲಿಸಿದೆ. ಸಂಜೆ ಭಾಲ್ಕಿಯಿಂದ ಬೀದರ್‌ಗೆ ಬರುವಾಗ ನಿಜವಾಗಿ ಖುಷಿಯಲ್ಲಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಶಾಲೆ ಔರಾದಿನಿಂದಲೂ ಆಚೆ, ಟಂಟಂ ಆಟೋದಲ್ಲಿ ಇಪ್ಪತ್ತು ನಿಮಿಷ. ಆಗಸ್ಟಿನಲ್ಲಿ ಹದಿನೈದು ಟ್ಯಾಬುಗಳು ಬಂದವು. ಹೆಡ್ ಮಾಸ್ತರರು ಡಬ್ಬಿಗಳಿಗೆ ಅರಿಶಿನ ಕುಂಕುಮ ಏರಿಸಿ ತೆಂಗಿನಕಾಯಿ ಒಡೆದರು. ಫೋಟೋಕ್ಕಾಗಿ ಒಂದೊಂದು ಮಗುವಿನ ಕೈಗೂ ಅರ್ಧರ್ಧ ನಿಮಿಷ ಟ್ಯಾಬು ಕೊಟ್ಟೆವು. ಪ್ರತಿಯೊಬ್ಬರೂ ಒಂದೊಂದು ಕಲ್ಲು ಒತ್ತಿದರು. ಕೊನೆಗೆ ನಿಂತಿದ್ದ ಹುಡುಗಿ ಗಡಿಬಿಡಿಯಲ್ಲಿ ತಪ್ಪು ಕಲ್ಲು ಒತ್ತಿದಳು, ಕಪ್ಪೆ ನೀರಿಗೆ ಬಿತ್ತು, ಎಲ್ಲರೂ ಹೋ ಅಂತ ನಕ್ಕರು. ಫೋಟೋ ಮುಗಿಯಿತು. ಟ್ಯಾಬುಗಳು ಕಬ್ಬಿಣದ ಅಲಮಾರಿಗೆ ಹೋದವು, ಅಲಮಾರಿಯ ಕೀಲಿ ಹೆಡ್ ಮಾಸ್ತರರ ಜನಿವಾರದಷ್ಟೇ ಭದ್ರವಾಗಿ ಅವರ ಮೈಗೆ ಅಂಟಿಕೊಂಡಿತು.

ಇದು ನನಗೆ ಹೊಸದಲ್ಲ. ಖಟಕ ಚಿಂಚೋಳಿಯಲ್ಲಿ ನಾನು ಓದುವಾಗ ನಮ್ಮ ಶಾಲೆಯಲ್ಲೊಂದು ಗ್ಲೋಬ್ ಇತ್ತು. ಸಾಹೇಬರು ಬಂದ ದಿನ ಮೇಜಿಗೆ ಬರುತ್ತಿತ್ತು, ಅವರ ಜೀಪು ತಿರುಗಿದ ಕೂಡಲೇ ಹಳೆಯ ಧೋತರದ ತುಂಡು ಸುತ್ತಿಕೊಂಡು ಕಪಾಟಿಗೆ ಹೋಗುತ್ತಿತ್ತು. ಭೂಮಿಯನ್ನು ತಿರುಗಿಸಿ ನೋಡುವ ಆಸೆ ಏಳನೇ ತರಗತಿ ಪಾಸಾಗುವವರೆಗೂ ಹಾಗೇ ಉಳಿದಿತ್ತು. ನಾನು ಟೀಚರಾದರೆ ಕಪಾಟಿಗೆ ಕೀಲಿಯೇ ಹಾಕುವುದಿಲ್ಲ ಅಂತ ಆಗ ಅಂದುಕೊಂಡಿದ್ದೆ. ಅಂದುಕೊಂಡದ್ದಷ್ಟೇ.

ಇನ್ನೊಂದು ತೊಂದರೆ ನೆಟ್‌ವರ್ಕಿನದು. ಫೋಟೋದ ದಿನ ಆಡಿದ್ದು ಟ್ಯಾಬಿನಲ್ಲೇ ಇದ್ದ ಮಾದರಿ ಸುತ್ತು, ನಿಜವಾದ ಆಟ ನಡೆಯಲು ನೆಟ್ ಬೇಕು, ನಮ್ಮ ಶಾಲೆಯ ಕೋಣೆಗಳಲ್ಲಿ ಫೋನ್ ಮಾಡಲೂ ಸಿಗ್ನಲ್ ಇರುವುದಿಲ್ಲ. ಆದರೆ ಇಲಾಖೆಯ ಮೇಲಿನ ಆಫೀಸಿನಲ್ಲಿ ಒಂದು ಪರದೆ ಇತ್ತು. ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಚೌಕ. ಮಗು ದಿನಕ್ಕೊಂದು ಸುತ್ತು ಚಲೋ ಆಡಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೊದಲ ತಿಂಗಳು ನಮ್ಮ ಶಾಲೆ ಮೇಲಿನಿಂದ ಕೆಳಗಿನವರೆಗೆ ಕೆಂಪು. ಔರಾದಿನ ಮೀಟಿಂಗಿನಲ್ಲಿ ಎಲ್ಲರೆದುರು ಹೆಡ್ ಮಾಸ್ತರರನ್ನು ನಿಲ್ಲಿಸಿ ಬೈದರಂತೆ. ರಿಟೈರಾಗಲು ಒಂದೂವರೆ ವರ್ಷ ಉಳಿದಿದ್ದ ಮನುಷ್ಯ. ಮರುದಿನ ನನ್ನ ಮುಂದೆ ಕುರ್ಚಿ ಎಳೆದು ಕೂತು, ಕಣ್ಣಿಗೆ ಕಣ್ಣು ಕೊಡದೆ ಹೇಳಿದರು:

"ಮೇಡಂ, ನೀವು ಬಸ್ಸಿನಾಗ ಖಾಲಿ ಕುಂತಿರ್ತೀರಿ. ನಿಮ್ಮ ಫೋನಿನಾಗ ನೆಟ್ ಇರ್ತದ. ಮಕ್ಕಳ ಹೆಸರಿನಾಗ ಜರಾ ಒಂದೊಂದ ಸಲ ಆಡಿಬಿಡ್ರಿ."

"ಮಕ್ಕಳು ಆಡೋದು ನಾ ಆಡಿದ್ರ ಹ್ಯಾಂಗ್ರಿ ಸರ್?"

"ಎಲ್ಲಾ ಸಾಲಿಯಾಗೂ ಹಿಂಗೇ ನಡದದ್ರಿ. ನಮ್ಮದೊಂದೇ ಯಾಕ ಕೆಂಪ ಇರಬೇಕು?"

ನಾನು ಒಪ್ಪಿಕೊಂಡೆ. ಜಗಳ ಮಾಡಿ ಸೋತು ಒಪ್ಪಿಕೊಂಡೆ ಅಂತ ಬರೆದರೆ ನನಗೆ ಸಮಾಧಾನವಾದೀತು, ಆದರೆ ಅಷ್ಟೂ ನಡೆಯಲಿಲ್ಲ. ಚಾ ಆರುವುದರೊಳಗೆ ಒಪ್ಪಿದ್ದೆ.

ಹೀಗೆ ಶುರುವಾಯಿತು. ನೌಬಾದದ ಮನೆಯಿಂದ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಬಂದು, ಕಿಟಕಿಯ ಸೀಟು ಹಿಡಿದು, ಹಾಜರಿ ಪುಸ್ತಕದ ಸಾಲಿನಂತೆ ಒಂದನೆಯ ಹೆಸರಿನಿಂದ ಆಡಲು ಕೂರುತ್ತಿದ್ದೆ. ಒಬ್ಬರಿಗೆ ಎರಡು ನಿಮಿಷ. ಆಗಷ್ಟೇ ಚಾ ಕುಡಿದ ತಲೆ, ಖಾಲಿ ಬಸ್ಸು. ಮೊದಲ ಹೆಸರುಗಳ ಕಪ್ಪೆಗಳು ಒಂದೂ ತಪ್ಪದೆ ದಂಡೆ ಸೇರುತ್ತಿದ್ದವು. ಮಾಂಜ್ರಾ ಸೇತುವೆ ಬರುವ ಹೊತ್ತಿಗೆ ಹತ್ತು ಹನ್ನೆರಡು ಮಕ್ಕಳು ಪಾರು. ಸಂತಪೂರದಲ್ಲಿ ಬಸ್ಸು ತುಂಬುತ್ತಿತ್ತು. ಯಾರದೋ ಮೊಣಕೈ, ಯಾರದೋ ಗಂಟು, ಮೇಲಿಂದ ರಸ್ತೆಯ ಕುಲುಕು. ಇಪ್ಪತ್ತೈದು ದಾಟಿದ ಮೇಲೆ ಕಣ್ಣು ಉರಿದು ಮೂರಕ್ಕೂ ಎಂಟಕ್ಕೂ ಫರಕು ಕಾಣುತ್ತಿರಲಿಲ್ಲ. ಔರಾದ್ ಬಂತು ಅನ್ನುವಾಗ ಉಳಿದ ಹೆಸರುಗಳನ್ನು, ಒಂದು ಕೈಯಲ್ಲಿ ಚೀಲ ಹಿಡಿದು ಬಾಗಿಲ ಹತ್ತಿರ ನಿಂತು, ಸಿಕ್ಕ ಕಲ್ಲು ಒತ್ತಿ ಮುಗಿಸಿಬಿಡುತ್ತಿದ್ದೆ. ಮೂವತ್ತೆರಡನೆಯ ಕಪ್ಪೆ ಒಂದು ದಿನವೂ ಆಚೆ ದಂಡೆ ನೋಡಿದ ನೆನಪಿಲ್ಲ.

ಮೂವತ್ತೆರಡನೆಯ ಹೆಸರು ಆ ಹುಡುಗಿಯದು, ಫೋಟೋದ ದಿನ ಕಪ್ಪೆಯನ್ನು ನೀರಿಗೆ ಬೀಳಿಸಿದವಳದು. ನಾಲ್ಕನೆಯವರೆಗೆ ಗಡಿಯಾಚೆ ಅಜ್ಜಿಯ ಊರಿನಲ್ಲಿ ಮರಾಠಿ ಶಾಲೆಗೆ ಹೋಗಿ, ನಮ್ಮಲ್ಲಿ ತಡವಾಗಿ ಸೇರಿದ್ದರಿಂದ ಅವಳ ಹೆಸರು ಪಟ್ಟಿಯ ಕೊನೆಗಿತ್ತು. ಮಾತು ಕಡಿಮೆ. ಲೆಕ್ಕದಲ್ಲಿ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಬೋರ್ಡಿನ ಮೇಲೆ ನಾನು ಒಂದೂ ಮುಕ್ಕಾಲಿಗೆ ಮುಕ್ಕಾಲು ಕೂಡಿಸಿ ಅಂತ ಬರೆದು, ಛೇದ, ಅಂಶ ಅಂತ ವಿವರಿಸಲು ಬಾಯಿ ತೆರೆಯುವುದರೊಳಗೆ ಅವಳು ಎರಡನೆಯ ಬೆಂಚಿನಿಂದ, "ಅಡೀಚ್ ಆಗ್ತದ್ರಿ ಟೀಚರ್" ಅನ್ನುತ್ತಿದ್ದಳು. ಅಜ್ಜಿ ಕಾಳು ಅಳೆಯುವಾಗ ಕಾಲು, ಮುಕ್ಕಾಲು, ಒಂದೂಕಾಲು, ಒಂದೂವರೆಗೆ ಪಾವ್, ಪೌಣ, ಸವಾ, ದೀಡ್ ಅನ್ನುವುದನ್ನು ಕೇಳಿ ಬೆಳೆದ ಮಗುವಿಗೆ ಎರಡೂವರೆ ಅಂತ ಸಾಧಿಸಿ ತೋರಿಸುವ ಅಗತ್ಯವೇ ಇರಲಿಲ್ಲ. ನನ್ನ ತಪ್ಪನ್ನೂ ಎರಡು ಸಲ ಹಿಡಿದಿದ್ದಳು, ಎದ್ದು ನಿಂತು, ತಗ್ಗಿದ ದನಿಯಲ್ಲಿ.

ಅವಳಿಗೊಂದು ಆಸೆ ಇತ್ತು. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ಆರನೆಯದಕ್ಕೆ ಅಲ್ಲಿ ಸೇರಬೇಕು. ಅದಕ್ಕೆ ಪ್ರತಿ ಶಾಲೆಯಿಂದ ಹತ್ತು ಮಕ್ಕಳನ್ನು ಆರಿಸಿ ಔರಾದಿನಲ್ಲಿ ಪ್ರತಿ ಶನಿವಾರ ತಯಾರಿ ಕ್ಲಾಸು ನಡೆಸುತ್ತಾರೆ ಅಂತ ಗೊತ್ತಾದ ದಿನದಿಂದ, "ಪಟ್ಟಿ ಬಂತೇನ್ರಿ ಟೀಚರ್?" ಅಂತ ವಾರಕ್ಕೆರಡು ಸಲ ಕೇಳುತ್ತಿದ್ದಳು. "ಬರ್ತದವ್ವ, ನಿನ್ನ ಬಿಟ್ಟು ಇನ್ನ್ಯಾರ ಹೆಸರ ಬರ್ತದ?" ಅಂತ ನಾನೂ ಹೇಳುತ್ತಿದ್ದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಸಂಕ್ರಾಂತಿ ಮುಗಿದ ವಾರ ಪಟ್ಟಿ ಬಂತು. ಮಾಸ್ತರರನ್ನು ಯಾರೂ ಕೇಳಿರಲಿಲ್ಲ. ಆ ಪರದೆಯಿಂದಲೇ ಹತ್ತು ಹೆಸರು ಇಳಿಸಿಕೊಂಡಿದ್ದರು. ಹಾಜರಿ ಪುಸ್ತಕದ ಮೊದಲ ಹನ್ನೆರಡರಲ್ಲಿ ಹತ್ತು. ನಾನು ಓದಿ ಮುಗಿಸುವ ಮೊದಲೇ ನನಗೆ ತಿಳಿಯಿತು. ಆ ಪಟ್ಟಿಯಲ್ಲಿದ್ದುದು ಮಕ್ಕಳ ಜಾಣತನ ಅಲ್ಲವೇ ಅಲ್ಲ, ಬೀದರ್‌ನಿಂದ ಔರಾದಿನವರೆಗಿನ ನನ್ನ ದಣಿವು.

ಅದೇ ವಾರ ಪಾಲಕರ ಸಭೆ. ಪ್ರತಿ ಮಗುವಿನದೂ ಬಣ್ಣದ ಹಾಳೆ ಬಂದಿತ್ತು. ಹುಡುಗಿಯ ಹಾಳೆಯ ತುಂಬ ಕೆಂಪು, ಕೆಳಗೆ 'ವಿಶೇಷ ಗಮನ ಬೇಕು' ಅಂತ ಒಂದು ಸಾಲು. ಅವಳ ತಾಯಿ ಊರ ಅಂಗನವಾಡಿ ನಡೆಸುವವರು. ತಲೆಮಾರುಗಳಿಂದ ಅದೇ ಊರಿನ ಬೌದ್ಧ ಮನೆತನ, ಗಂಡ ಹೊಲ ನೋಡಿಕೊಳ್ಳುತ್ತಾರೆ, ಈಕೆ ಪಿಯುಸಿ ಓದಿದವರು. ಹಾಳೆಯನ್ನು ನಿಧಾನಕ್ಕೆ ಓದಿ, ಮಗಳನ್ನು ಹೊರಗೆ ಕಳಿಸಿ, ನನ್ನ ಕಡೆ ನೋಡಿದರು.

"ಟೀಚರ್, ನಮ್ಮ ಇಲಾಖಾದಾಗೂ ಫೋನ್ ಕೊಟ್ಟಾರ. ಕೂಸುಗಳ ತೂಕಾ ನಾನೂ ಅದರಾಗ ತುಂಬ್ತೇನಿ. ತಕ್ಕಡಿ ಕೆಟ್ಟ ದಿನಾನೂ ತುಂಬೇನಿ. ಅದಕ್ಕ ಕೇಳ್ತೇನಿ. ಖರೇ ಹೇಳ್ರಿ, ಇದು ಯಾರ ಆಡಿದ್ದು?"

ಅಷ್ಟು ಸರಳವಾಗಿ, ಅಷ್ಟು ಹತ್ತಿರ ಬಂದು ಯಾರೂ ನನ್ನನ್ನು ಕೇಳಿರಲಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ಆಚೆ ಮೇಜಿನಲ್ಲಿ ಹೆಡ್ ಮಾಸ್ತರರು ಕತ್ತು ಎತ್ತಿ ನನ್ನನ್ನೇ ನೋಡುತ್ತಿದ್ದರು.

"ನೆಟ್‌ವರ್ಕ್ ತ್ರಾಸ ಇರ್ತದ್ರಿ ಅಕ್ಕಾರ" ಅಂದೆ.

ಅವರು ಹಾಳೆ ಮಡಚಿದರು. "ಆತ್ರಿ" ಅಂತ ಎದ್ದು ಹೋದರು. ನನ್ನ ಬಗ್ಗೆ ನನಗೇ ಇಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಮರುವಾರ ರಜೆ ಹಾಕಿ ಭಾಲ್ಕಿಗೆ ಹೋದೆ. ಅದೇ ತರಬೇತುದಾರ ಅಲ್ಲಿ ಇನ್ನೊಂದು ತಂಡಕ್ಕೆ ಅದೇ ಬಣ್ಣದ ಚಿತ್ರ ತೋರಿಸುತ್ತಿದ್ದ. ಚಾದ ಬಿಡುವಿನಲ್ಲಿ ಹಿಡಿದು, ಒಂದು ಮಗುವಿನ ಅಂಕ ತಪ್ಪಾಗಿದೆ, ತಿದ್ದಬೇಕು ಅಂದೆ.

"ತಿದ್ದೋಕೆ ಬರಲ್ಲ ಮೇಡಂ. ಸಿಸ್ಟಮ್ ಲಾಕ್ ಆಗಿರುತ್ತೆ. ಮತ್ತೆ, ಡೇಟಾ ಸುಳ್ಳು ಹೇಳಲ್ಲ."

"ಡೇಟಾ ಹೇಳಂಗಿಲ್ರಿ, ನಾ ಹೇಳೇನಿ. ಆ ಆಟ ಆಡಿದಾಕಿ ನಾನು."

ಅವನು ಸುತ್ತ ನೋಡಿ ನಕ್ಕ. ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ, ಅವನಿಗೆ ಅದು ಹಳೇ ಸುದ್ದಿ. ಫೆಬ್ರವರಿ ಕೊನೆಗೆ ಪಟ್ಟಿ ಇನ್ನೊಮ್ಮೆ ತಾಜಾ ಆಗುತ್ತದೆ, ಅಷ್ಟರೊಳಗೆ ಆ ಹೆಸರನ್ನು ಹಸಿರು ಮಾಡಿದರೆ ಸೇರಬಹುದು ಅಂದ. "ಎರಡು ವಾರ ಅವಳದ್ದನ್ನೇ ಚೆನ್ನಾಗಿ ಆಡ್ಬಿಡಿ ಮೇಡಂ, ಅಷ್ಟೇ." ಒಂದು ಸುಳ್ಳನ್ನು ಇನ್ನೊಂದರಿಂದ ಒರೆಸುವ ಉಪಾಯ. ಮಕ್ಕಳು ತಪ್ಪು ಮಾಡುತ್ತಾ ಕಲಿಯಬೇಕು ಅಂತ ನಮಗೆ ಪಾಠ ಹೇಳಿದವನು ಇವನೇ. ಚಾ ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಬೆಳಿಗ್ಗೆ ಮೊದಲ ಹೆಸರಾಗಿ ಅವಳದನ್ನು ಆಡಿದರೆ ಸಾಕಿತ್ತು. ಕಷ್ಟವೇನಿಲ್ಲ. ಆದರೆ ಆ ತಾಯಿಯ ಮುಖ ಕಣ್ಣೆದುರು ಬಂತು, ಮತ್ತು ಹುಡುಗಿಗೆ ನಾನು ಕೊಡಬೇಕಾದದ್ದು ನನ್ನ ಆಟ ಅಲ್ಲ ಅನ್ನಿಸಿತು. ಮರುದಿನ ಹೆಡ್ ಮಾಸ್ತರರನ್ನು ಅಲಮಾರಿಯ ಕೀಲಿ ಕೇಳಿದೆ. "ಟ್ಯಾಬ್ ತಗದ್ರ ನೆಟ್ ಎಲ್ಲದರಿ ಮೇಡಂ?" ಅಂದರು. ಅದೂ ಖರೇ. ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕದ ಒಂದು ಮೂಲೆಯಲ್ಲಿ ಮಾತ್ರ. ಊಟದ ಬಿಡುವಿನಲ್ಲಿ ಹುಡುಗಿಯನ್ನು ಕರೆದುಕೊಂಡು ಮೇಲೆ ಹೋದೆ. ಅವಳ ಹೆಸರಿನ ಆಟ ತೆರೆದು ನನ್ನ ಫೋನನ್ನೇ ಅವಳ ಕೈಗೆ ಕೊಟ್ಟೆ.

ಲೆಕ್ಕ ಬಂತು. ಅವಳು ಒತ್ತಲಿಲ್ಲ. ಕಪ್ಪೆ ಬಿತ್ತು. ಎರಡನೆಯ ಲೆಕ್ಕಕ್ಕೂ ಹಾಗೆಯೇ. ಬೆರಳು ಪರದೆಯಿಂದ ಒಂದಿಂಚು ಮೇಲೆ ನಿಂತಿತ್ತು.

"ಉತ್ತರ ಬರವಲ್ದೇನು?"

"ಬರ್ತದ್ರಿ. ಸವಾ."

"ಮತ್ತ ಒತ್ತು."

"ನೀವೇ ಒತ್ರಿ ಟೀಚರ್. ನಾ ಒತ್ತಿದ್ರ ಕೆಂಪಾಗ್ತದ."

ಯಾಕೆ ಅಂತ ಕೇಳಿದೆ. ತಲೆ ಬಗ್ಗಿಸಿ ನಿಂತಳು. ಆಮೇಲೆ, "ಫೋಟೋದ ದಿನ ಕಪ್ಪಿ ನೀರಾಗ ಬೀಳ್ಸಿದ್ನಲ್ರಿ, ಅದಕ್ಕೇ ಪೂರಾ ಕೆಂಪಾಗ್ಯಾದ. ಅವ್ವಗ ಹೇಳಿಲ್ಲ" ಅಂದಳು.

ಆ ವರ್ಷ ಅವಳು ಟ್ಯಾಬು ಮುಟ್ಟಿದ್ದು ಆ ಅರ್ಧ ನಿಮಿಷ. ಒತ್ತಿದ್ದು ಒಂದು ಕಲ್ಲು. ಹಾಳೆಯ ತುಂಬ ಇದ್ದ ಕೆಂಪೆಲ್ಲ ಆ ಒಂದು ತಪ್ಪಿನಿಂದ ಬಂದದ್ದು ಅಂತ ನಂಬಿ, ಅಷ್ಟು ದಿನ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಬರುತ್ತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಕೇಳಿಲ್ಲಿ. ನೀ ಆಡೇ ಇಲ್ಲ. ಬಸ್ಸಿನಾಗ ನಿನ್ನ ಹೆಸರಿನಾಗ ನಾ ಆಡೇನಿ. ಎಲ್ಲರ ಹೆಸರಿನಾಗೂ ನಾನೇ ಆಡೇನಿ. ಆ ಕೆಂಪ ನಂದು."

ಖುಷಿಪಡುತ್ತಾಳೆ, ಹಗುರಾಗುತ್ತಾಳೆ ಅಂತ ನಾನು ಕಾಯುತ್ತಿದ್ದೆ.

"ಒಂದನೇ ನಂಬರಿನಾಕಿದೂ ನೀವೇ ಆಡೀರೇನ್ರಿ?"

"ಹೌದು."

"ಆಕಿದು ಚಲೋ ಆಡಿ, ನಂದ್ಯಾಕ ಕೆಟ್ಟ ಆಡಿದ್ರಿ ಟೀಚರ್?"

ನಿನ್ನ ಹೆಸರು ಬರುವಷ್ಟರಲ್ಲಿ ನನಗೆ ಸಾಕಾಗಿರುತ್ತಿತ್ತು ಅಂತ ಹತ್ತು ವರ್ಷದ ಮಗುವಿಗೆ ಹೇಳುವುದು ಹೇಗೆ? ಹೇಳಿದೆ. ಅವಳು ಫೋನ್ ತೆಗೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತು, ಆಡತೊಡಗಿದಳು. ಮೊದಲ ದಿನ ನಾಲ್ಕು ಕಲ್ಲು. ಮರುದಿನ ಏಳು. ಮೂರನೆಯ ದಿನ ಆಚೆ ದಂಡೆ.

ತಾಯಿ ಶಾಲೆಯ ಗೇಟಿನ ಹತ್ತಿರ ಸಿಕ್ಕರು. "ಮಗಳು ಹೇಳಿದಳು. ನಿಮ್ಮ ಮ್ಯಾಲ ಸಿಟ್ಟ ಅದ್ರಿ ಟೀಚರ್. ಆದ್ರ ನಾ ಬೈಲಿಕ್ಕೆ ಬರಂಗಿಲ್ಲ, ನಂದೂ ಅದೇ ಹಣೆಬರಹ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಬಸ್ಸಿನಲ್ಲಿ ಆಡುವುದನ್ನು ಬಿಟ್ಟೆ. ಕಂಡಕ್ಟರ್, "ಕಪ್ಪಿಗೋಳೆಲ್ಲ ಸತ್ತುವೇನ್ರಿ?" ಅಂತ ಕೇಳಿದ. ಹೆಡ್ ಮಾಸ್ತರರಿಗೆ ಹೇಳಿಯೇ ಬಿಟ್ಟೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಪರದೆಯ ಮೇಲೆ ನಮ್ಮ ಚೌಕಗಳು ಒಂದೊಂದೇ ಕೆಂಪಾದವು. ಉಳಿದ ಮಕ್ಕಳನ್ನೂ ಸರದಿಯಂತೆ ಮಾಳಿಗೆಗೆ ಕರೆದೊಯ್ಯಬೇಕು ಅಂತಿತ್ತು, ಆದರೆ ಇದ್ದದ್ದು ಒಂದು ಫೋನು, ಅರ್ಧ ಗಂಟೆಯ ಬಿಡುವು. ಫೆಬ್ರವರಿ ಮುಗಿಯುವವರೆಗೆ ಅವಳಿಗೊಬ್ಬಳಿಗೇ ಕೊಟ್ಟೆ. ಇದೂ ಪಕ್ಷಪಾತವೇ, ಗೊತ್ತು.

ಫೆಬ್ರವರಿಯ ಕೊನೆಯ ಶುಕ್ರವಾರ ಮಧ್ಯಾಹ್ನ. ಅವಳು ಎಂಟು ಕಲ್ಲು ದಾಟಿದ್ದಳು. ಒಂಬತ್ತನೆಯ ಲೆಕ್ಕ ಬರುತ್ತಿದ್ದ ಹಾಗೆ ಫೋನ್ ರಿಂಗಾಯಿತು, ಕೆರೆಯ ಮೇಲೆ ಮೇಲಿನ ಆಫೀಸಿನ ನಂಬರು ಬಂತು. ಅವಳು ಫೋನನ್ನು ನನಗೆ ಕೊಟ್ಟಳು.

"ಮೇಡಂ, ನಿಮ್ಮ ಸಾಲಿ ಪೂರಾ ಕೆಂಪ ಆಗ್ಯಾದ. ಅದರಾಗ ಒಂದೇ ಹೆಸರು ಹಸರ ಅದ, ಅದೂ ಇಷ್ಟ ದಿನ ಎಲ್ಲಾರಕಿಂತ ಕೆಳಗಿದ್ದಾಕಿದು. ಇದು ಯಾರ ಆಡಿದ್ದರಿ?"

ಇಡೀ ವರ್ಷದಲ್ಲಿ ಆ ಆಫೀಸಿನವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಆಕಿನೇ ಆಡ್ಯಾಳ್ರಿ. ಇಲ್ಲೇ ನನ್ನ ಬಾಜೂಕ ನಿಂತಾಳ."

"ಖರೇ ಹೇಳ್ರಿ ಮೇಡಂ."

"ಖರೇನೇ ಹೇಳ್ಲತ್ತೀನಿ. ಹಿಂದಿನವೆಲ್ಲ ಸುಳ್ಳು ಇದ್ದುವು, ಅವಕ್ಕ ನೀವು ಕೇಳಲಿಲ್ಲ. ಇದೊಂದೇ ಖರೇ ಅದ."

"ಹಂಗ ಒಂದ್ ತಿಂಗಳನಾಗ ಯಾರೂ ಏರಂಗಿಲ್ರಿ. ತಪ್ಪು ಎಂಟ್ರಿ ಅಂತ ಹಾಕ್ತೀವಿ. ಪರಿಶೀಲನಾ ಆಗೋತನಕ ಪಟ್ಟಿಗೆ ಸೇರ್ಸಲಿಕ್ಕೆ ಬರಂಗಿಲ್ಲ."

ಪರೀಕ್ಷೆಗೆ ಐದು ವಾರ ಉಳಿದಿತ್ತು; ಪರಿಶೀಲನೆ ಎಂದು ಆಗುತ್ತದೋ ಅವರಿಗೇ ಗೊತ್ತಿರಲಿಲ್ಲ. ನಾನು ಕೂಗಾಡಿದೆ. ನೌಕರಿಗೆ ಸೇರಿದ ಮೇಲೆ ಮೇಲಿನವರ ಮುಂದೆ ಅಷ್ಟು ದನಿ ಎತ್ತಿದ್ದು ಅದೊಂದೇ ಸಲ. ಕೆಳಗಿನ ಅಂಗಳದಲ್ಲಿ ಊಟ ಮಾಡುತ್ತಿದ್ದ ಮಕ್ಕಳು ತಲೆ ಎತ್ತಿ ನೋಡಿದರು. ಆ ಕಡೆಯವರು, "ಲೆಟರ್ ಬರ್ತದ, ಉತ್ತರ ಕೊಡ್ರಿ" ಅಂತ ಫೋನ್ ಇಟ್ಟರು.

ಪರದೆಯ ಮೇಲೆ ಮತ್ತೆ ಕೆರೆ ಬಂತು. ಎಂಟು ಸೆಕೆಂಡು ಯಾವಾಗಲೋ ಮುಗಿದಿತ್ತು. ಕಪ್ಪೆ ನೀರಲ್ಲಿತ್ತು, ಅವಳ ಹೆಸರಿನ ಮುಂದೆ ಆ ದಿನದ ಕೆಂಪು ಚೌಕ. ಅವಳು ನನ್ನ ತೋಳಿನ ಪಕ್ಕದಿಂದ ಇಣುಕಿ ನೋಡಿದಳು. ತಯಾರಿ ಕ್ಲಾಸಿನ ಬಾಗಿಲು ಮುಚ್ಚಿತು ಅಂತ ಅವಳಿಗೆ ನನ್ನ ಕೂಗಾಟದಿಂದಲೇ ಗೊತ್ತಾಗಿತ್ತು. ಈ ಸಲ ತಲೆ ಬಗ್ಗಿಸಲಿಲ್ಲ.

"ಇದು ನಾ ಬೀಳ್ಸಿದ್ದಲ್ರಿ ಟೀಚರ್" ಅಂದಳು. "ಎಲ್ಲಿಯಾರ ಬರದಿಡ್ರಿ."

ಅದಕ್ಕೇ ಬರೆದಿಟ್ಟಿದ್ದೇನೆ.